ಕಂಪ್ಯೂಟರಿಗೆ ಹೊರಗಿನ ಧ್ವನಿಯ ಜೋಡಣೆ

ಟೇಪ್‌ರೆಕಾರ್ಡರ್, ಗ್ರಾಮಫೋನ್, ರೇಡಿಯೊ, ಮೊಬೈಲು, ಮೈಕು, ವಾದ್ಯ ಮೊದಲಾದ ಹೊರಗಿನ ಮೂಲಗಳ ಧ್ವನಿಯನ್ನು ಮೇಜಿನ ಕಂಪ್ಯೂಟರಿನೊಳಕ್ಕೆ ಹಾಯಿಸುವ ಕ್ರಮ. ಹೀಗೆ ಹಾಯಿಸುವುದು ಎರಡು ಕಾರಣಕ್ಕೆ: ಕಂಪ್ಯೂಟರಿನ ಸ್ಪೀಕರಿನಲ್ಲಿ ಕೇಳಲು, ಇಲ್ಲವೇ ಡಿಜಿಟಲ್ ಕಡತವಾಗಿ ಉಳಿಸಿಕೊಳ್ಳಲು. ಹಳೆಯ ಕ್ಯಾಸೆಟ್ಟುಗಳು ಸೊರಗುತ್ತಿವೆ, ಅವನ್ನು ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಹಾಗಾಗಿ ಈಗ ಜನ ಈ ಕೆಲಸಕ್ಕೆ ಕೈಹಾಕುವುದು ಹೆಚ್ಚಾಗಿ ಎರಡನೆಯ ಕಾರಣಕ್ಕೇ.

ನೋಡಲು ಕೆಲಸ ಸುಲಭ. ಒಂದು ವೈರು, ಎರಡು ತುದಿಗೆ ಎರಡು ಪಿನ್ನು. ಎಡವುವುದೂ ಅಲ್ಲಿಯೇ. 3.5 ಮಿ.ಮೀ. ಪಿನ್ನು ಕಂಪ್ಯೂಟರಿನ ಬೆನ್ನಿನಲ್ಲಿರುವ ಯಾವ ಧ್ವನಿ ಸಾಕೆಟ್ಟಿಗಾದರೂ ಸಲೀಸಾಗಿ ಇಳಿಯುತ್ತದೆ. ಅದರಲ್ಲಿ ಹರಿದು ಬರುವ ಸಿಗ್ನಲ್ ಮಾತ್ರ ಎಲ್ಲ ಕಡೆಗೂ ಹಾಗೆ ಒಗ್ಗುವುದಿಲ್ಲ. ಮೈಕಿನಿಂದ ಬರುವ ವೋಲ್ಟೇಜಿಗೂ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ವೋಲ್ಟೇಜಿಗೂ ಸಾವಿರಾರು ಪಟ್ಟು ವ್ಯತ್ಯಾಸ. ಎರಡಕ್ಕೂ ಒಂದೇ ಬಗೆಯ ಪಿನ್ನು ಹಾಕಲು ಯಾವ ಅಡ್ಡಿಯೂ ಇಲ್ಲ. ಈ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಪಿನ್ನಿನ ಅಳತೆಯಲ್ಲ, ಸಿಗ್ನಲ್ಲಿನ ಅಳತೆ.

ಪಿನ್ನು, ಸಾಕೆಟ್ಟು, ಬಣ್ಣ

ಇಂದು ಬಳಕೆಯಲ್ಲಿರುವ ದುಂಡು ಪಿನ್ನುಗಳ ಹಿರಿಯಜ್ಜ 19ನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನದು. ಆಪರೇಟರುಗಳು ಒಂದು ಕರೆಯನ್ನು ಇನ್ನೊಂದಕ್ಕೆ ಸೇರಿಸಲು ಎಳೆದು ಸಿಕ್ಕಿಸುತ್ತಿದ್ದ 6.35 ಮಿ.ಮೀ. ಪಿನ್ನು ಇಂದಿಗೂ ಗಿಟಾರು, ಮಿಕ್ಸರುಗಳಲ್ಲಿ ಬದುಕಿದೆ. ನಮ್ಮ ಅಂಗಡಿಗಳಲ್ಲಿ ಅದಕ್ಕೆ ಪಿ-38 ಎಂದು ಹೆಸರು. ಅದರ ಮರಿಯಾದ 3.5 ಮಿ.ಮೀ. ಪಿನ್ನು ಟ್ರಾನ್ಸಿಸ್ಟರ್ ರೇಡಿಯೊಗಳ ಕಾಲದಲ್ಲಿ ಕಾಣಿಸಿಕೊಂಡು, 1979ರಲ್ಲಿ ಬಂದ ಸೋನಿ ವಾಕ್‌ಮನ್ನಿನಿಂದಾಗಿ ಜಗತ್ತನ್ನೆಲ್ಲ ಸುತ್ತಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದನ್ನು ಇಪಿ ಪಿನ್ ಎಂದು ಕೇಳಬೇಕು. ತುದಿ ಎಡ ಕಿವಿಗೆ, ನಡುವಿನ ಉಂಗುರ ಬಲ ಕಿವಿಗೆ, ಬುಡ ಅರ್ಥಿಗೆ. ಮೊಬೈಲ್ ಇಯರ್‌ಫೋನಿನ ಪಿನ್ನಿನಲ್ಲಿ ಮೈಕಿಗಾಗಿ ಇನ್ನೊಂದು ಉಂಗುರ ಹೆಚ್ಚಿಗೆ ಇರುತ್ತದೆ. ಈ ನಾಲ್ಕು ಭಾಗದ ಪಿನ್ನಿನಲ್ಲಿ ಮೈಕು ಮತ್ತು ಅರ್ಥಿನ ಜಾಗ ಅದಲುಬದಲಾದ ಎರಡು ಪದ್ಧತಿಗಳು ಒಂದು ಕಾಲಕ್ಕೆ ಚಾಲ್ತಿಯಲ್ಲಿದ್ದವು. ಹಳೆಯ ಇಯರ್‌ಫೋನನ್ನು ಹೊಸ ಯಂತ್ರಕ್ಕೆ ಹಾಕಿದಾಗ ಹಾಡು ಕೇಳಿಸಿ ಹಾಡುವವರ ಕಂಠ ಮಾತ್ರ ಬಾವಿಯೊಳಗಿಂದ ಬಂದಂತೆ ಆಗುವುದು ಇದರಿಂದಲೇ.

ಕೆಂಪು-ಬಿಳಿ ಜೋಡಿಯ ಆರ್‌ಸಿಎ ಪಿನ್ನು ಅಮೆರಿಕದ ರೇಡಿಯೊ ಕಾರ್ಪೊರೇಷನ್ನಿನ ಕೊಡುಗೆ. ಕೆಂಪು ಬಲಕ್ಕೆ, ಬಿಳಿ ಅಥವಾ ಕಪ್ಪು ಎಡಕ್ಕೆ. ಕ್ಯಾಸೆಟ್ ಡೆಕ್, ಸಿ.ಡಿ. ಪ್ಲೇಯರ್, ಆಂಪ್ಲಿಫೈಯರುಗಳ ಬೆನ್ನಿನಲ್ಲಿ ಇದೇ ಹೆಚ್ಚು. ಇನ್ನೂ ಹಳೆಯ ಟೇಪ್‌ರೆಕಾರ್ಡರುಗಳಲ್ಲಿ ಐದು ಕಡ್ಡಿಯ, ಜರ್ಮನ್ ಮೂಲದ ಡಿನ್ ಸಾಕೆಟ್ ಇರುತ್ತದೆ. ಅದರಲ್ಲಿ ಧ್ವನಿ ಹೊರಬರುವುದು 3 ಮತ್ತು 5ನೆಯ ಕಡ್ಡಿಗಳಿಂದ, 2 ಅರ್ಥು, 1 ಮತ್ತು 4 ರೆಕಾರ್ಡಿಂಗಿಗೆ ಒಳಬರುವ ದಾರಿ. ಸಿದ್ಧ ಕೇಬಲ್ಲು ಕೊಂಡಾಗ ಧ್ವನಿಯೇ ಬರದಿದ್ದರೆ ಟೇಪ್‌ರೆಕಾರ್ಡರನ್ನು ದೂರುವ ಮೊದಲು ಈ ಕಡ್ಡಿಗಳನ್ನು ನೋಡಿಕೊಳ್ಳಬೇಕು.

ಕಂಪ್ಯೂಟರಿನ ಸಾಕೆಟ್ಟುಗಳಿಗೆ ಬಣ್ಣ ಬಂದದ್ದು ಇಂಟೆಲ್ ಮತ್ತು ಮೈಕ್ರೊಸಾಫ್ಟ್ ಸೇರಿ ರೂಪಿಸಿದ ಪಿಸಿ 99 ಎಂಬ ಕಟ್ಟಳೆಯಿಂದ. ಗುಲಾಬಿ ಮೈಕಿಗೆ, ತಿಳಿನೀಲಿ ಲೈನ್-ಇನ್‌ಗೆ, ತಿಳಿಹಸಿರು ಸ್ಪೀಕರಿಗೆ ಅಥವಾ ಹೆಡ್‌ಫೋನಿಗೆ. ಹೊರಗಿನ ಸಾಧನಕ್ಕೆ ಸರಿಯಾದ ಬಾಗಿಲು ತಿಳಿನೀಲಿ. ಮೂರೇ ಸಾಕೆಟ್ಟುಗಳಿರುವ ಮದರ್‌ಬೋರ್ಡುಗಳಲ್ಲಿ ಆರು ಅಥವಾ ಎಂಟು ಸ್ಪೀಕರಿನ ವ್ಯವಸ್ಥೆಯನ್ನು ಆರಿಸಿಕೊಂಡರೆ ಈ ನೀಲಿಯೇ ಸ್ಪೀಕರಿನ ಸಾಕೆಟ್ಟಾಗಿ ವೇಷ ಬದಲಿಸುತ್ತದೆ. ಪೆಟ್ಟಿಗೆಯ ಮುಂಭಾಗದಲ್ಲಿ ಸಾಮಾನ್ಯವಾಗಿ ಹೆಡ್‌ಫೋನ್ ಮತ್ತು ಮೈಕು ಎರಡೇ ಇರುವುದರಿಂದ ಕುರ್ಚಿಯಿಂದೆದ್ದು ಮೇಜಿನ ಹಿಂದೆ ಬಗ್ಗದೆ ಗತಿಯಿಲ್ಲ.

ಸಿಗ್ನಲ್ಲಿನ ಮಟ್ಟ

ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಮನೆಬಳಕೆಯ ಡೆಕ್, ಟ್ಯೂನರುಗಳ ಲೈನ್-ಔಟ್ ಮಟ್ಟ ಸುಮಾರು 0.3 ವೋಲ್ಟ್, ಸಿ.ಡಿ. ಪ್ಲೇಯರಾದರೆ ಗರಿಷ್ಠ 2 ವೋಲ್ಟಿನವರೆಗೂ ಹೋಗುತ್ತದೆ. ಸ್ಟುಡಿಯೊ ಸಲಕರಣೆಗಳ ಮಟ್ಟ 1.23 ವೋಲ್ಟ್. ಆಂಪ್ಲಿಫೈಯರ್ 8 ಓಮಿನ ಸ್ಪೀಕರಿಗೆ 10 ವಾಟ್ ಕೊಡುತ್ತಿರುವಾಗ ಆ ವೈರಿನಲ್ಲಿ ಇರುವುದು ಸುಮಾರು 9 ವೋಲ್ಟ್. ಲೈನ್-ಇನ್ ಸಾಕೆಟ್ಟು ಕಾಯುತ್ತ ಕೂತಿರುವುದು ಎರಡನೆಯ ಬಗೆಯ ಅತಿಥಿಗೆ.

ಸ್ಪೀಕರ್ ವೈರನ್ನು ಕತ್ತರಿಸಿ ನೇರ ಕಂಪ್ಯೂಟರಿಗೆ ಚುಚ್ಚುವ ಸಾಹಸ ಹಾಗಾಗಿ ಸಲ್ಲದು. ಹೆಡ್‌ಫೋನ್ ಸಾಕೆಟ್ಟಿನಿಂದ ಲೈನ್-ಇನ್‌ಗೆ ಜೋಡಿಸುವುದು ಮಾತ್ರ ತಪ್ಪಲ್ಲ. ಅನೇಕ ಟೂ-ಇನ್-ಒನ್‌ಗಳಲ್ಲಿ ಬೇರೆ ದಾರಿಯೇ ಇಲ್ಲ. ಆಗ ವಾಲ್ಯೂಮನ್ನು ಅರ್ಧದಿಂದ ಆರಂಭಿಸಿ ಮೆಲ್ಲಗೆ ಏರಿಸಬೇಕು. ಬಾಸ್, ಟ್ರೆಬಲ್ ತಿರುಗಣೆಗಳನ್ನು ನಡುವಿನಲ್ಲಿ ನಿಲ್ಲಿಸಬೇಕು. ಮೊಬೈಲಿಗೂ ಇದೇ ಮಾತು. ಲೈನ್-ಔಟ್ ಇದ್ದರೆ ಈ ತಾಪತ್ರಯ ಯಾವುದೂ ಇಲ್ಲ, ಏಕೆಂದರೆ ಅದು ವಾಲ್ಯೂಮ್ ತಿರುಗಣೆಗೆ ಬಗ್ಗುವುದಿಲ್ಲ.

ಹೆಚ್ಚು ಜನ ಬೀಳುವ ಹಳ್ಳ ಗುಲಾಬಿ ಸಾಕೆಟ್ಟು. ಟೇಪ್‌ರೆಕಾರ್ಡರನ್ನು ಮೈಕಿನ ಜಾಗಕ್ಕೆ ಹಾಕಿದರೆ ಧ್ವನಿ ಬರುತ್ತದೆ, ಆದರೆ ಒಡೆದ ತಗಡಿನಂತೆ. ಅಲ್ಲಿರುವ ಪ್ರಿಆಂಪ್ಲಿಫೈಯರು ಮಿಲಿವೋಲ್ಟುಗಳನ್ನು ಹಿಗ್ಗಿಸಲು ಕೂತದ್ದು. ಮೈಕ್ ಬೂಸ್ಟ್ 20 ಡೆಸಿಬೆಲ್ ಇದ್ದರೆ ಹತ್ತು ಪಟ್ಟು, 30 ಇದ್ದರೆ ಮೂವತ್ತೆರಡು ಪಟ್ಟು. ಮೊದಲೇ ಗಟ್ಟಿಯಾದ ಸಿಗ್ನಲ್ ಅಲ್ಲಿ ತಲೆ-ಬುಡ ಕತ್ತರಿಸಿಕೊಂಡು ಹೊರಬರುತ್ತದೆ. ಅದೂ ಅಲ್ಲದೆ ಎಲೆಕ್ಟ್ರೆಟ್ ಮೈಕುಗಳಿಗೆ ಬೇಕಾಗುವ ಸಣ್ಣ ಡಿ.ಸಿ. ವೋಲ್ಟೇಜನ್ನು ಆ ಸಾಕೆಟ್ಟೇ ಹೊರಗೆ ಕಳಿಸುತ್ತಿರುತ್ತದೆ. ಬಹಳಷ್ಟು ಮೈಕ್ ಸಾಕೆಟ್ಟುಗಳು ಮೋನೊ, ಅಂದರೆ ಎಡ-ಬಲದ ಭೇದವೇ ಉಳಿಯದು. ಮೈಕಿನ ಸಾಕೆಟ್ಟು ಬಿಟ್ಟು ಬೇರೆ ಇಲ್ಲವೇ ಇಲ್ಲ ಎಂದಾದರೆ ನಡುವೆ ಸಿಗ್ನಲ್ ತಗ್ಗಿಸುವ ಎರಡು ರೆಸಿಸ್ಟರುಗಳನ್ನು ಹಾಕುವುದು ರೂಢಿ: 10 ಕಿಲೊಓಮ್ ಸರಣಿಯಲ್ಲಿ, 1 ಕಿಲೊಓಮ್ ಅರ್ಥಿಗೆ. ಸಿಗ್ನಲ್ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಾಫ್ಟ್‌ವೇರಿನಲ್ಲಿ ಬೂಸ್ಟನ್ನು ಪೂರ್ತಿ ಆರಿಸಿರಬೇಕು.

ಸೌಂಡ್ ಕಾರ್ಡು, ಮದರ್‌ಬೋರ್ಡು, ಯುಎಸ್‌ಬಿ

1981ರ ಐಬಿಎಂ ಪಿಸಿಗೆ ಬೀಪ್ ಎನ್ನುವ ಪುಟ್ಟ ಸ್ಪೀಕರು ಬಿಟ್ಟರೆ ಧ್ವನಿಯ ಗೊಡವೆ ಇರಲಿಲ್ಲ. ಸಿಂಗಾಪುರದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಕಾರ್ಡು ಮನೆಯ ಕಂಪ್ಯೂಟರಿಗೆ 8 ಬಿಟ್ಟಿನ ಮೋನೊ ರೆಕಾರ್ಡಿಂಗ್ ಕಲಿಸಿತು. 1992ರ ಸೌಂಡ್ ಬ್ಲಾಸ್ಟರ್ 16 ಸಿ.ಡಿ.ಯ ಮಟ್ಟ ಮುಟ್ಟಿತು. 1997ರಲ್ಲಿ ಇಂಟೆಲ್ಲಿನ ಎಸಿ’97, 2004ರಲ್ಲಿ ಹೈ ಡೆಫಿನಿಷನ್ ಆಡಿಯೊ ಬಂದ ಮೇಲೆ ಧ್ವನಿಯ ಚಿಪ್ಪು ಮದರ್‌ಬೋರ್ಡಿನಲ್ಲೇ ನೆಲೆಸಿತು. ಬೇರೆ ಕಾರ್ಡು ಕೊಳ್ಳುವುದು ಹವ್ಯಾಸಿಗಳ ಮಾತಾಯಿತು.

ಮದರ್‌ಬೋರ್ಡಿನ ಧ್ವನಿ ಕಳಪೆ ಎಂಬ ಹಳೆಯ ಅಪವಾದ ಈಗ ಪೂರ್ತಿ ನಿಜವಲ್ಲ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ಇರುವ ಅಂತರ 50-60 ಡೆಸಿಬೆಲ್. 16 ಬಿಟ್ ರೆಕಾರ್ಡಿಂಗಿನಲ್ಲಿ ಸಿದ್ಧಾಂತದ ಪ್ರಕಾರ 96 ಡೆಸಿಬೆಲ್ಲಿಗೆ ಜಾಗವಿದೆ. ಕ್ಯಾಸೆಟ್ಟಿನ ಉಸಿರಾಟದ ಸದ್ದೇ ಯಂತ್ರದ ಸದ್ದನ್ನು ಮುಚ್ಚಿಹಾಕುತ್ತದೆ. ಭಾವಗೀತೆಯ ಕ್ಯಾಸೆಟ್ಟನ್ನು ಉಳಿಸಿಕೊಳ್ಳಲು ನೀಲಿ ಸಾಕೆಟ್ಟು ಸಾಕು. ಆದರೆ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಕೂತ ಚಿಪ್ಪಿಗೆ ಮೌಸ್ ಅಲ್ಲಾಡಿಸಿದಾಗಲೆಲ್ಲ ಚಿರಚಿರ ಸದ್ದು ಅಂಟಿಕೊಂಡರೆ, ಧ್ವನಿಯನ್ನು ಡಿಜಿಟಲ್ ಮಾಡುವ ಕೆಲಸವನ್ನೇ ಪೆಟ್ಟಿಗೆಯಿಂದ ಹೊರಗಿಡುವುದು ಜಾಣತನ.

ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮಾಡುವುದು ಅದನ್ನೇ. ಬೆಹ್ರಿಂಗರ್ ಯುಸಿಎ 202ರಂತಹ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ ಎರಡು ಆರ್‌ಸಿಎ ಪಿನ್ನುಗಳಿಂದ ಲೈನ್ ಮಟ್ಟದ ಸಿಗ್ನಲ್ ತೆಗೆದುಕೊಂಡು 16 ಬಿಟ್, 48 ಕಿಲೊಹರ್ಟ್ಜ್‌ವರೆಗಿನ ಡಿಜಿಟಲ್ ಧ್ವನಿಯಾಗಿ ಕಂಪ್ಯೂಟರಿಗೆ ಕೊಡುತ್ತದೆ. ದೊಡ್ಡ ಇಂಟರ್‌ಫೇಸುಗಳಲ್ಲಿ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಸಾಕೆಟ್ಟು, ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರು, 24 ಬಿಟ್ ಪರಿವರ್ತನೆ ಇರುತ್ತವೆ. ವೀಣೆಗೆ ಅಂಟಿಸುವ ಪೀಜೊ ಕಾಂಟ್ಯಾಕ್ಟ್ ಮೈಕನ್ನೋ ಗಿಟಾರನ್ನೋ ಜೋಡಿಸುವವರು ‘ಇನ್‌ಸ್ಟ್ರುಮೆಂಟ್’ ಎಂದು ಬರೆದ, ಸುಮಾರು 1 ಮೆಗಾಓಮ್ ಇಂಪೀಡೆನ್ಸಿನ ಸಾಕೆಟ್ಟನ್ನೇ ಬಳಸಬೇಕು. ಸಾಧಾರಣ ಲೈನ್-ಇನ್‌ಗೆ ಹಾಕಿದರೆ ಪೀಜೊದ ಮಂದ್ರ ಕರಗಿಹೋಗಿ ವೀಣೆ ಡಬ್ಬಿಯಂತೆ ನುಡಿಯುತ್ತದೆ. ಬಾಜಾರಿನಲ್ಲಿ ಸಿಗುವ ಬೆರಳಗಾತ್ರದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡುಗಳ ಬಗ್ಗೆ ಒಂದು ಎಚ್ಚರಿಕೆ: ಅವುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಮೋನೊ ಮೈಕ್ ಸಾಕೆಟ್ಟು ಮಾತ್ರ. ಹೊಸ ವೇಷದಲ್ಲಿ ಅದೇ ಗುಲಾಬಿ ಹಳ್ಳ.

ಮೂಲವೇ ಡಿಜಿಟಲ್ ಆಗಿದ್ದರೆ ಎಸ್‌ಪಿಡಿಐಎಫ್ ಎಂಬ ದಾರಿಯಿದೆ. ಸೋನಿ ಮತ್ತು ಫಿಲಿಪ್ಸ್ ಸೇರಿ ಕಟ್ಟಿದ ಇದು 75 ಓಮಿನ ಕೇಬಲ್ಲಿನಲ್ಲೋ ತೋಷಿಬಾದ ಬೆಳಕಿನ ತಂತಿಯಲ್ಲೋ ಹರಿಯುತ್ತದೆ. ಆದರೆ ಮನೆಯ ಕಂಪ್ಯೂಟರುಗಳಲ್ಲಿ ಹೊರಹೋಗುವ ದಾರಿ ಮಾತ್ರ ಇದ್ದು ಒಳಬರುವುದು ವಿರಳ. ಮೊಬೈಲಿನ ಹಾಡನ್ನು ತಂತಿಯಿಲ್ಲದೆ ಬ್ಲೂಟೂತ್ ಮೂಲಕ ವಿಂಡೋಸ್ ಕಂಪ್ಯೂಟರಿನಲ್ಲಿ ನುಡಿಸುವ ಸೌಲಭ್ಯ 2020ರ ವಿಂಡೋಸ್ 10ರ ಆವೃತ್ತಿಯಿಂದ ಇದೆ. ಕೇಳಲು ಸರಿ, ಉಳಿಸಿಡುವ ರೆಕಾರ್ಡಿಂಗಿಗೆ ತಂತಿಯೇ ವಾಸಿ.

ಗ್ರಾಮಫೋನ್ ಎಂಬ ವಿಶೇಷ ಪ್ರಕರಣ

ಗ್ರಾಮಫೋನ್ ಪ್ಲೇಟಿಗೆ ಎರಡು ತೊಡಕು. ಸೂಜಿಯ ಕಂಪನವನ್ನು ಸಿಗ್ನಲ್ಲಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್, ಅಂದರೆ ಮೈಕಿನಷ್ಟೇ ಕ್ಷೀಣ. ಹಾಗೆಂದು ಅದನ್ನು ಮೈಕಿನ ಸಾಕೆಟ್ಟಿಗೆ ಹಾಕಿದರೂ ಹಾಡು ಸೀಳುದನಿಯಲ್ಲಿ ಚೀರುತ್ತದೆ. ಕಾರಣ, ಪ್ಲೇಟು ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಮಂದ್ರವನ್ನು ಇದ್ದಷ್ಟೇ ಕೊರೆದರೆ ಗೀರು ಅಗಲವಾಗಿ ಪಕ್ಕದ ಗೀರಿಗೆ ತಾಗುತ್ತದೆ. ತಾರವನ್ನು ಏರಿಸದಿದ್ದರೆ ಅದು ಪ್ಲೇಟಿನ ಮೇಲ್ಮೈಯ ಪರಪರ ಸದ್ದಿನಲ್ಲಿ ಮುಳುಗುತ್ತದೆ. 1954ರಿಂದ ಅಮೆರಿಕದ ರೆಕಾರ್ಡಿಂಗ್ ಉದ್ಯಮ ಒಪ್ಪಿ ನಡೆದ ಆರ್‌ಐಎಎ ಕ್ರಮದಲ್ಲಿ ಈ ಏರಿಳಿತ ಎರಡೂ ತುದಿಗಳಲ್ಲಿ ಸುಮಾರು 20 ಡೆಸಿಬೆಲ್. ನುಡಿಸುವಾಗ ಅದನ್ನು ತಿರುಗುಮುರುಗಾಗಿಸಿ, ಜೊತೆಗೆ ಸಿಗ್ನಲ್ಲನ್ನು ನೂರು ಪಟ್ಟು ಹಿಗ್ಗಿಸಿ ಲೈನ್ ಮಟ್ಟಕ್ಕೆ ತರುವುದು ಫೋನೊ ಪ್ರಿಆಂಪ್ಲಿಫೈಯರಿನ ಕೆಲಸ. ಟರ್ನ್‌ಟೇಬಲ್ಲಿನ ಬೆನ್ನಿನಲ್ಲಿ ‘ಫೋನೊ–ಲೈನ್’ ಸ್ವಿಚ್ಚಿದ್ದರೆ ಅದರ ಹೊಟ್ಟೆಯಲ್ಲೇ ಈ ಸಾಧನ ಇದೆ ಎಂದರ್ಥ.

78 ಸುತ್ತಿನ ಪ್ಲೇಟುಗಳದ್ದು ಬೇರೆ ಕಥೆ. ಅವುಗಳ ಕಾಲದಲ್ಲಿ ಒಂದೊಂದು ಕಂಪನಿಗೆ ಒಂದೊಂದು ಏರಿಳಿತದ ಲೆಕ್ಕ. ಗೀರೂ ಅಗಲ, ಎಲ್‌ಪಿಯ ಸೂಜಿ ಅದರ ತಳಕ್ಕಿಳಿದು ಕಸ ಗುಡಿಸುತ್ತದೆ, ಗೋಡೆಗೆ ತಾಗುವುದಿಲ್ಲ. ಅದಕ್ಕೆ ನಾಲ್ಕರಷ್ಟು ದಪ್ಪದ ಸೂಜಿ ಬೇಕು. ಇನ್ನು ಹಳೆಯ ಸೂಟ್‌ಕೇಸ್ ಮಾದರಿಯ ಪ್ಲೇಯರುಗಳ ಸ್ಫಟಿಕ ಕಾರ್ಟ್ರಿಜ್ ನೂರಾರು ಮಿಲಿವೋಲ್ಟ್ ಕೊಡುತ್ತದೆ, ಆರ್‌ಐಎಎ ತಿದ್ದುಪಡಿಯನ್ನೂ ಹೆಚ್ಚುಕಡಿಮೆ ತಾನೇ ಮಾಡಿಕೊಳ್ಳುತ್ತದೆ. ಆದರೆ ಅದಕ್ಕೂ ವೀಣೆಯ ಪೀಜೊಗೆ ಹೇಳಿದ 1 ಮೆಗಾಓಮಿನ ಸಾಕೆಟ್ಟೇ ಬೇಕು.

ಗುಂಯ್ ಎನ್ನುವ ಸದ್ದು

ಎಲ್ಲ ಸರಿಯಾಗಿ ಜೋಡಿಸಿದ ಮೇಲೂ ಹಾಡಿನ ಹಿಂದೆ ತಂಬೂರಿಯಂತೆ ಒಂದೇ ಸಮ ಗುಂಯ್ ಎನ್ನುವ ಸದ್ದು ಉಳಿಯುವುದುಂಟು. ಭಾರತದ ಮನೆಗಳಲ್ಲಿ ಅದರ ಶ್ರುತಿ 50 ಹರ್ಟ್ಜ್ ಮತ್ತು ಅದರ ಮಡಿಗಳು, ಏಕೆಂದರೆ ಗೋಡೆಯ ಕರೆಂಟು 50 ಹರ್ಟ್ಜ್. ಕಂಪ್ಯೂಟರು ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಒಂದು ಕಡೆ ಅರ್ಥಿಗೆ ಸೇರಿದೆ. ಆಂಪ್ಲಿಫೈಯರು ಇನ್ನೊಂದು ಕಡೆ ಸೇರಿದೆ. ಧ್ವನಿಯ ಕೇಬಲ್ಲಿನ ಹೊರಕವಚ ಇವೆರಡನ್ನು ಕೂಡಿಸಿ ಒಂದು ಸುತ್ತು ಕಟ್ಟುತ್ತದೆ. ಆ ಸುತ್ತಿನಲ್ಲಿ ಹರಿಯುವ ಚೂರು ಕರೆಂಟೇ ಗುಂಯ್. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಅರ್ಧ ಇಳಿಯುತ್ತದೆ. ಟಿವಿಯೋ ಸೆಟ್‌ಟಾಪ್ ಬಾಕ್ಸೋ ಜೋಡಣೆಯಲ್ಲಿದ್ದರೆ ಅದರ ಡಿಶ್ ಅಥವಾ ಕೇಬಲ್ ತಂತಿಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಸದ್ದು ನಿಂತರೆ ಕಳ್ಳ ಅಲ್ಲಿದ್ದಾನೆ. ಖಚಿತ ಮದ್ದು ಧ್ವನಿ ಕೇಬಲ್ಲಿನ ನಡುವೆ ಹಾಕುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವಿಲ್ಲದೆ ಧ್ವನಿ ಮಾತ್ರ ದಾಟುತ್ತದೆ. ಅಗ್ಗದವು ಮಂದ್ರವನ್ನು ತುಸು ನುಂಗುತ್ತವೆ.

ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದೋ, ಎರಡು ಪಿನ್ನಿನ ಅಡಾಪ್ಟರ್ ಹಾಕಿಯೋ ಅರ್ಥು ತಪ್ಪಿಸಿದರೂ ಗುಂಯ್ ನಿಲ್ಲುತ್ತದೆ. ಹಾಗೆ ಮಾಡಬಾರದು. ಆ ಪಿನ್ನು ಇರುವುದು ಪೆಟ್ಟಿಗೆಗೆ ಕರೆಂಟು ತಗುಲಿದ ದಿನ ಮುಟ್ಟಿದವರ ಜೀವ ಉಳಿಸಲು. ಟರ್ನ್‌ಟೇಬಲ್ಲಿನಿಂದ ಬರುವ ಒಂಟಿ ತೆಳು ತಂತಿಯನ್ನು ಪ್ರಿಆಂಪ್ಲಿಫೈಯರಿನ ತಿರುಪಿಗೆ ಕಟ್ಟದಿದ್ದರೂ ಇಂಥದೇ ಸದ್ದು ಬರುತ್ತದೆ. ಅದಕ್ಕೆ ಮದ್ದು ಒಂದು ಸ್ಕ್ರೂಡ್ರೈವರು.

ಅಜ್ಜನ ಕಾಲದ ವಾಲ್ವ್ ರೇಡಿಯೊ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಎಸಿ/ಡಿಸಿ ಎಂದು ಕರೆಯುತ್ತಿದ್ದ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತಿರಲಿಲ್ಲ; ಒಳಗಿನ ಲೋಹದ ಚೌಕಟ್ಟು ಗೋಡೆಯ ಕರೆಂಟಿನ ಒಂದು ತಂತಿಗೇ ನೇರ ಸೇರಿರುತ್ತಿತ್ತು. ಅದಕ್ಕೆ ಒಂದು ಕೇಬಲ್ಲು ಬೆಸೆದು ಕಂಪ್ಯೂಟರಿಗೆ ಕೊಟ್ಟರೆ 230 ವೋಲ್ಟ್ ಮದರ್‌ಬೋರ್ಡಿಗೂ ಬರಬಹುದು, ಕೈಗೂ ಬರಬಹುದು. ಅಂಥ ರೇಡಿಯೊದ ಮುಂದೆ ಮೈಕು ಇಟ್ಟು ರೆಕಾರ್ಡ್ ಮಾಡಿಕೊಳ್ಳುವುದೇ ಕ್ಷೇಮ.

ಒಳಗಿನ ಕೆಲಸ

ತಂತಿ ಸೇರಿಸಿದ ಮೇಲೂ ಕಂಪ್ಯೂಟರು ಮೌನವಾಗಿದ್ದರೆ ಹತ್ತಕ್ಕೆ ಎಂಟು ಸಲ ತಪ್ಪು ಸಾಫ್ಟ್‌ವೇರಿನಲ್ಲಿರುತ್ತದೆ. ವಿಂಡೋಸಿನ ಸೌಂಡ್ ಸೆಟ್ಟಿಂಗಿನ ರೆಕಾರ್ಡಿಂಗ್ ಪಟ್ಟಿಯಲ್ಲಿ ಲೈನ್-ಇನ್ ಆರಿರಬಹುದು, ಪಟ್ಟಿಯಲ್ಲಿ ಕಾಣದೆಯೂ ಇರಬಹುದು. ‘ಡಿಸೇಬಲ್ಡ್’ ಸಾಧನಗಳನ್ನು ತೋರಿಸು ಎಂದು ಹೇಳಿದರೆ ಪ್ರತ್ಯಕ್ಷವಾಗುತ್ತದೆ. ಪ್ರೈವೆಸಿ ವಿಭಾಗದಲ್ಲಿ ಮೈಕ್ರೊಫೋನಿಗೆ ಅನುಮತಿ ಇಲ್ಲದಿದ್ದರೆ ಲೈನ್-ಇನ್ ಕೂಡ ಬಾಯಿ ಮುಚ್ಚಿಕೊಳ್ಳುತ್ತದೆ, ಅದು ಮೈಕ್ ಅಲ್ಲದಿದ್ದರೂ. ಬರೀ ಕೇಳಬೇಕಾದವರಿಗೆ ಲೈನ್-ಇನ್‌ನ ಗುಣಲಕ್ಷಣಗಳಲ್ಲಿ ‘ಲಿಸನ್’ ಎಂಬ ಗುರುತು ಹಾಕಿದರೆ ಸಾಕು. ಲಿನಕ್ಸಿನಲ್ಲಿ ಅಲ್ಸಾಮಿಕ್ಸರಿನ ಕ್ಯಾಪ್ಚರ್ ಪುಟ ನೋಡಬೇಕು.

ರೆಕಾರ್ಡಿಂಗಿಗೆ ಹೆಚ್ಚು ಜನ ಬಳಸುವುದು ಅಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜ್ಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿ 2000ದಲ್ಲಿ ಬಿಡುಗಡೆಯಾದ ಈ ಸಾಫ್ಟ್‌ವೇರು ಉಚಿತ. ಮೀಟರಿನ ಮುಳ್ಳು ಅತಿ ಗಟ್ಟಿಯಾದ ಜಾಗದಲ್ಲೂ ಸೊನ್ನೆ ಮುಟ್ಟದೆ ಮೈನಸ್ 6ರ ಆಸುಪಾಸಿನಲ್ಲಿ ನಿಲ್ಲುವಂತೆ ಮಟ್ಟವನ್ನು ಹೊಂದಿಸಬೇಕು. ಟೇಪಿನ ಕಾಲದವರಿಗೆ ಇದು ಕಷ್ಟ. ಟೇಪಿನಲ್ಲಿ ಮುಳ್ಳು ಕೆಂಪಿಗೆ ಹೋದರೂ ಧ್ವನಿ ಮೃದುವಾಗಿ ಒತ್ತಿಕೊಳ್ಳುತ್ತಿತ್ತು, ಎಷ್ಟೋ ಜನಕ್ಕೆ ಅದು ಹಿತವೂ ಆಗಿತ್ತು. ಡಿಜಿಟಲ್ಲಿನಲ್ಲಿ ಸೊನ್ನೆ ದಾಟಿದ್ದು ಕತ್ತರಿಸಿಹೋಗುತ್ತದೆ, ಮತ್ತೆ ಹೊಲಿಯಲು ಬಾರದು.

ಸಿ.ಡಿ.ಯ ಮಟ್ಟವಾದ 44.1 ಕಿಲೊಹರ್ಟ್ಜ್, 16 ಬಿಟ್ಟಿನಲ್ಲಿ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 635 ಮೆಗಾಬೈಟ್ ಜಾಗ ಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಕನಿಷ್ಠ 48 ಕಿಲೊಹರ್ಟ್ಜ್, 24 ಬಿಟ್ ಇರಲಿ ಎನ್ನುತ್ತದೆ, 96 ಇದ್ದರೆ ಒಳ್ಳೆಯದು ಎನ್ನುತ್ತದೆ. ಕಿವಿಗೆ ವ್ಯತ್ಯಾಸ ತಿಳಿಯುವುದು ಅಪರೂಪ. ಮುಂದೆ ಗೀರು, ಪರಪರಗಳನ್ನು ತೆಗೆಯುವ ಕೆಲಸಕ್ಕೆ ಆ ಹೆಚ್ಚುವರಿ ಉಪಯೋಗಕ್ಕೆ ಬರುತ್ತದೆ. 96 ಕಿಲೊಹರ್ಟ್ಜ್, 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುವವರು ಸಾಮಾನ್ಯ ವೇವ್ ಕಡತ 4 ಗಿಗಾಬೈಟ್ ದಾಟಲಾರದೆಂಬುದನ್ನು ನೆನಪಿಡಬೇಕು. ಆ ಮಿತಿ ಎರಡು ಗಂಟೆ ಕಳೆಯುತ್ತಿದ್ದಂತೆ ಎದುರಾಗುತ್ತದೆ. ಇರುಳಿಡೀ ನಡೆಯುವ ಯಕ್ಷಗಾನಕ್ಕೆ ಅದು ಸಾಲದು.

ಕ್ಯಾಸೆಟ್ಟಿನ ಮನೆಯಲ್ಲಿ

ಕನ್ನಡದ ಮನೆಗಳಲ್ಲಿ ಈ ಕೆಲಸದ ಮುಖ್ಯ ಸರಕು ಕ್ಯಾಸೆಟ್ಟು. 1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಎಂದು ಹೆಸರಾಗಿದೆ. ಅಲ್ಲಿಂದಾಚೆ ಎರಡು ದಶಕ ಹಾಡು, ಹರಿಕಥೆ, ತಾಳಮದ್ದಲೆ, ನಾಟಕಗಳೆಲ್ಲ ಕಪಾಟು ಸೇರಿದ್ದು ಈ ರೂಪದಲ್ಲೇ. ಕಂಪನಿಯ ಕ್ಯಾಸೆಟ್ಟುಗಳ ಹಾಡುಗಳು ಈಗ ಬೇರೆಡೆ ಸಿಗುತ್ತವೆ. ಸಿಗದಿರುವುದು ಮದುವೆಮನೆಯಲ್ಲಿ ಹೇಳಿಸಿದ ಸೋಬಾನೆ, ಊರ ದೇವಸ್ಥಾನದಲ್ಲಿ ರೆಕಾರ್ಡ್ ಮಾಡಿಕೊಂಡ ಪ್ರಸಂಗ, ದುಬೈಗೋ ಮುಂಬಯಿಗೋ ಹೋದ ಮಗನಿಗೆ ತಾಯಿ ಮಾತಾಡಿ ಕಳಿಸಿದ ‘ಕಾಗದ’. ಮೊದಲು ಕೈಗೆತ್ತಿಕೊಳ್ಳಬೇಕಾದವು ಇವೇ.

ಕೇಬಲ್ಲಿನ ವಿಚಾರಕ್ಕೆ ಮೊದಲು ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಂತ ಮೇಲೆ ಕ್ಯಾಸೆಟ್ಟು ಹಾಕಬೇಕು. ಬಹುಕಾಲ ನುಡಿಸದ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿದರೆ ಒಂದಕ್ಕೊಂದು ಅಂಟಿದ ಸುತ್ತುಗಳು ಸಡಿಲಗೊಳ್ಳುತ್ತವೆ. ಟೇಪಿನ ಸುಯ್ ಸದ್ದನ್ನು ತಗ್ಗಿಸುವ ಡಾಲ್ಬಿ ಬಿ ಕ್ರಮದ ಗುರುತಿರುವ ಕ್ಯಾಸೆಟ್ಟಿಗೆ ಡೆಕ್ಕಿನ ಡಾಲ್ಬಿ ಸ್ವಿಚ್ಚು ಹಾಕಿರಬೇಕು, ಇಲ್ಲದವಕ್ಕೆ ಆರಿಸಿರಬೇಕು. ತಪ್ಪಿದರೆ ಧ್ವನಿ ಮಂಕಾಗುತ್ತದೆ ಅಥವಾ ಕಿರುಚುತ್ತದೆ. ಕ್ಯಾಸೆಟ್ಟು ಒಂದು ಯಂತ್ರದಲ್ಲಿ ರೆಕಾರ್ಡಾಗಿ ಇನ್ನೊಂದರಲ್ಲಿ ನುಡಿದಾಗ ಮಬ್ಬಾಗಿ ಕೇಳುವುದಕ್ಕೆ ಬಹುಮಟ್ಟಿಗೆ ಹೆಡ್ಡಿನ ಓರೆಯೇ ಕಾರಣ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ, ‘ಸ’ಕಾರಗಳು ಸ್ಫುಟವಾಗುವ ಜಾಗದಲ್ಲಿ ನಿಲ್ಲಿಸುತ್ತಾರೆ. ರೆಕಾರ್ಡ್ ಆಗಿ ಮುಗಿದ ಮೇಲೆ ಯಾವ ಸಾಫ್ಟ್‌ವೇರೂ ಈ ತಿರುಪಿನ ಕೆಲಸವನ್ನು ಪೂರ್ತಿ ಮಾಡಿಕೊಡದು. ಕ್ಯಾಸೆಟ್ಟಿನ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹಾಡುಗಾರರ ಹೆಸರು, ಊರು, ತಾರೀಕುಗಳನ್ನು ಫೋಟೊ ತೆಗೆದು ಕಡತದ ಜೊತೆಗೇ ಇಡುವುದು ಸಂಗ್ರಹಕಾರರ ರೂಢಿ.